ಅಳಿಯ ಕಟ್ಟಿದ ವೆಬ್‌ಸೈಟು

ಪರದೆಗೆ ಕುಂಕುಮ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಆಘಾತವಾಗುವುದು ತಾನಾಗಿಯೇ ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೆ. ನನ್ನ ಉದ್ಯೋಗ ಆ ನಂಬಿಕೆಯನ್ನು ಮೇಲಿಂದ ಮೇಲೆ ಸುಳ್ಳು ಮಾಡುತ್ತಲೇ ಇದೆ.

ತೆಲುಗು ನಾಡಿನ ರಾಜಧಾನಿಯಲ್ಲಿ, ಮಣಿಕೊಂಡದ ಒಂದು ಕಚೇರಿಯಲ್ಲಿ ವೆಬ್‌ಸೈಟುಗಳ ತಪ್ಪು ಹುಡುಕುವುದು ನನ್ನ ಕೆಲಸ. ಅಂಗಡಿಯವರು, ದವಾಖಾನೆಯವರು, ಮದುವೆ ಮಂಟಪದವರು ಕಟ್ಟಿಸಿದ ವೆಬ್‌ಸೈಟು ಜನರ ಮುಂದೆ ಹೋಗುವ ಮೊದಲು ನನ್ನ ಮುಂದೆ ಬರುತ್ತದೆ. ಹೆಚ್ಚುಕಡಿಮೆ ಎಲ್ಲರದೂ ಒಂದೇ ತಪ್ಪು. ಗಿರಾಕಿ ನೋಡುವುದು ಕೈಯಲ್ಲಿರುವ ಫೋನಿನಲ್ಲಿ. ಮಾಲೀಕರು ನೋಡಿ ‘ಶಭಾಷ್’ ಅನ್ನುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಡೆಗೆ, ಆ ಒಣಗಿದ ಗಂಟಲಿಗೆ ಮಜ್ಜಿಗೆ ಕೊಡುತ್ತಿದ್ದ ಮನೆಯಲ್ಲೇ ಅದೇ ತಪ್ಪು ನಡೆಯಿತು.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ವಿಜಯಪುರದ ಕಡೆಯ ದಂಪತಿ ಒಂದು ಖಾನಾವಳಿ ನಡೆಸುತ್ತಾರೆ. ಯಜಮಾನರು ಗಲ್ಲೆಯ ಮೇಲೆ, ಅಕ್ಕಾರು ತವೆಯ ಮುಂದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ. ನಾನು ಅಲ್ಲಿ ಬಹುಕಾಲದ ಗಿರಾಕಿ. ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರಿಗೆ ಯಜಮಾನರು ದಿನಾ ಬೆಳಿಗ್ಗೆ ಫೋನಿನಲ್ಲಿ ಅಂದಿನ ಅಡುಗೆ ಏನೆಂದು ಬರೆದು ಕಳಿಸುತ್ತಿದ್ದರು. ಹುಡುಗರು ಬೇಕಾದ್ದನ್ನು ಫೋನಿನಲ್ಲೇ ಹೇಳುತ್ತಿದ್ದರು, ಬುತ್ತಿ ಹೋಗುತ್ತಿತ್ತು. ಚೆನ್ನಾಗಿಯೇ ನಡೆದಿತ್ತು. ಚೆನ್ನಾಗಿ ನಡೆದದ್ದನ್ನು ಕಂಡರೆ ಮನೆಯವರಲ್ಲಿ ಯಾರಿಗಾದರೂ ಅದನ್ನು ಸುಧಾರಿಸಬೇಕು ಅನಿಸುತ್ತದೆ. ಇಲ್ಲಿ ಹಾಗೆ ಅನಿಸಿದ್ದು ಅಳಿಯನಿಗೆ.

ಅಳಿಯ ಯಾವುದೋ ದೊಡ್ಡ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದವನು. ವೆಬ್‌ಸೈಟ್ ಕಟ್ಟುವುದು ಅವನ ವಿದ್ಯೆಯಲ್ಲ. ಆದರೆ ಅವನ ಮನೆಯಲ್ಲಿ ಬಾಗಿಲನ್ನು ಅಡ್ಡ ಮಲಗಿಸಿದಷ್ಟು ದೊಡ್ಡ ಪರದೆ ಇದೆ. ಆ ಪರದೆಯ ಮುಂದೆ ಕೂತು ಮಾವನ ಖಾನಾವಳಿಗೆ ವೆಬ್‌ಸೈಟು ಕಟ್ಟಿದ. ಅವನ ಮನೆಯಲ್ಲೇ ಉದ್ಘಾಟನೆ, ನನ್ನನ್ನೂ ಕರೆದರು.

ನಾನು ಹೋಗಿ ನೋಡುತ್ತೇನೆ, ಪರದೆಗೆ ಮಾಲೆ ಹಾಕಿದೆ! ಅಕ್ಕಾರು ತಲೆಯ ಮೇಲೆ ಸೆರಗು ಹೊದ್ದು ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಾರೆ. ಯಜಮಾನರು ತೆಂಗಿನಕಾಯಿ ಹಿಡಿದು ಒಡೆಯಲು ಗಟ್ಟಿ ಜಾಗ ಹುಡುಕುತ್ತಿದ್ದಾರೆ.

“ಹ್ಯಾಂಗೈತ್ರೀ ಸರ?” ಅಂದರು ಯಜಮಾನರು. “ಅಳ್ಯಾರು ಮಾಡ್ಯಾರು!”

“ಫೋನಿನಲ್ಲಿ ಹೇಗೆ ಕಾಣುತ್ತದೆ?” ಅಂದೆ ನಾನು.

ಮದುವೆ ಮನೆಯಲ್ಲಿ ಹುಡುಗನ ಸಂಬಳದ ಚೀಟಿ ಕೇಳಿದವನನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು. ಯಜಮಾನರು ನನ್ನ ಕೈಗೆ ಪೇಢೆ ಇಟ್ಟು ಕಿವಿಯಲ್ಲಿ ಹೇಳಿದರು: “ಸರ, ಇಷ್ಟ ದೊಡ್ಡ ಪರದೆ ಮ್ಯಾಲ ಛಲೋ ಕಾಣಾಕತ್ತೈತಿ. ಸಣ್ಣದರಾಗ ಕಾಣಾಕ ಏನ ಧಾಡಿ?”

ನೇರ ಮಾತಿನ ಮಂದಿ

ಉದ್ಘಾಟನೆಯಾದ ಮೇಲೆ ಯಜಮಾನರು ಬೆಳಗಿನ ಸಂದೇಶ ನಿಲ್ಲಿಸಿದರು. ವೆಬ್‌ಸೈಟಿನ ವಿಳಾಸ ಒಂದನ್ನೇ ಎಲ್ಲರಿಗೂ ಕಳಿಸಿ ನಿಶ್ಚಿಂತೆಯಿಂದ ಕೂತರು. ನಿಶ್ಚಿಂತೆ ಬೆಳೆಯುತ್ತಾ ಹೋಯಿತು, ಬುತ್ತಿಗಳು ಕಡಿಮೆಯಾಗುತ್ತಾ ಹೋದವು. ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕಾರು ತವೆ ಇಳಿಸಿ ಸುಮ್ಮನೆ ಕೂತಿದ್ದರು. ಊಟದ ಹೊತ್ತಿನಲ್ಲಿ ಆ ತವೆ ಕೆಳಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಆರ್ಡರ್ ಬರವಲ್ವು ಸರ,” ಅಂದರು. “ಹಿಂಗ ನಡದ್ರ ಬಾಗಲಾ ಹಾಕಿ ಮಗಳ ಮನಿಗೆ ಹೋಗಬೇಕಾಗ್ತೈತಿ. ಇವ್ರು ಹೂಂ ಅಂತಾರ. ನನಗ ಆಗೂದಿಲ್ರೀ. ಅಳ್ಯಾರ ಮನ್ಯಾಗ ಕುಂತು ಉಣ್ಣೂ ಪಾಳಿ ಬಂದ್ರ ತುತ್ತು ಗಂಟಲ್ದಾಗ ಇಳಿಯೂದಿಲ್ಲ.”

ಆ ಮಾತು ನನಗೆ ನಾಟಿತು. ಮರುದಿನ ಕಚೇರಿಯಲ್ಲಿ, ಹಿಂದೆ ಅಲ್ಲಿಂದಲೇ ಬುತ್ತಿ ತರಿಸುತ್ತಿದ್ದ ಮೈಸೂರಿನ ಹುಡುಗಿಯನ್ನು ಕರೆದೆ.

“ಯಾಕಮ್ಮ, ಖಾನಾವಳಿಯಿಂದ ತರಿಸೋದು ಬಿಟ್ಟೆ? ರುಚಿ ಕೆಟ್ಟಿತಾ?”

“ಅಯ್ಯೋ ಇಲ್ಲ ಸರ್. ಅವರೇ ಊಟ ಇಲ್ಲ ಅಂತಿದ್ದಾರಲ್ಲ.”

“ಯಾರು ಅಂದರು?”

ಹುಡುಗಿ ಫೋನು ತೆಗೆದು ನನ್ನ ಮುಂದೆ ಹಿಡಿದಳು. ನಾನು ಕೂತಿದ್ದ ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡೆ. ಅಳಿಯ ವೆಬ್‌ಸೈಟಿನ ನೆತ್ತಿಯ ಮೇಲೆ ಉದ್ದಕ್ಕೆ, ಒಂದೇ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದ: ‘ನಮ್ಮಲ್ಲಿ ಊಟ ಇಲ್ಲ ಎನ್ನುವ ಮಾತೇ ಇಲ್ಲ!’ ಬಾಗಿಲಷ್ಟು ಪರದೆಯಲ್ಲಿ ಅದು ಪೂರ್ತಿ ಕಾಣುತ್ತಿತ್ತು. ಅಂಗೈಯಷ್ಟು ಫೋನಿನಲ್ಲಿ ಸಾಲು ಅರ್ಧಕ್ಕೇ ಕತ್ತರಿಸಿಹೋಗಿ ಉಳಿದದ್ದು ಇಷ್ಟು: ‘ನಮ್ಮಲ್ಲಿ ಊಟ ಇಲ್ಲ’.

ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಅಲ್ಲಿ ವಾಕ್ಯ ಅರ್ಧಕ್ಕೆ ನಿಂತರೆ ಬೆರಳಗಂಟಿನ ಮೇಲೆ ಸ್ಕೇಲು ಬೀಳುತ್ತಿತ್ತು. ಇಲ್ಲಿ ಅರ್ಧ ವಾಕ್ಯಕ್ಕೆ ಒಂದು ಸಂಸಾರದ ಒಲೆಯೇ ಆರುತ್ತಿತ್ತು.

“ಬೆರಳಿಂದ ಪಕ್ಕಕ್ಕೆ ಸರಿಸಿ ಪೂರ್ತಿ ಓದಬಾರದಿತ್ತಾ?” ಎಂದು ಗದರಿದೆ.

“ಊಟ ಇಲ್ಲ ಅಂದ ಮೇಲೆ ಯಾರು ಸರ್ ಮುಂದೆ ಓದ್ತಾರೆ?” ಅಂದಳು. “ನಮಗೂ ಮೊದಲು ಆಶ್ಚರ್ಯ ಆಯ್ತು. ಆಮೇಲೆ, ಉತ್ತರ ಕರ್ನಾಟಕದವರು ಮೊದಲೇ ನೇರ ಮಾತಿನವರು, ಹೀಗೇ ಹೇಳ್ತಾರೇನೋ ಅಂತ ಸುಮ್ಮನಾದ್ವಿ.”

ಅಡ್ಡ ಹಿಡಿಯಿರಿ

ನಾನು ಸಂಜೆಯೇ ಖಾನಾವಳಿಗೆ ಹೋಗಿ ಯಜಮಾನರ ಫೋನಿನಲ್ಲೇ ಅವರಿಗೆ ಸಾಕ್ಷಿ ಸಮೇತ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಆಘಾತವಾಗಬೇಕಿತ್ತು. ಅವರಿಗೆ ಆಗಲಿಲ್ಲ, ನನಗೇ ಇನ್ನೊಮ್ಮೆ ಆಯಿತು.

“ಫೋನ್ ಸಣ್ಣದಿದ್ರ ಅದಕ್ಕ ನಮ್ಮ ಅಳ್ಯಾರು ಏನ್ ಮಾಡಬೇಕ್ರಿ?”

“ಯಜಮಾನರೇ, ಗಿರಾಕಿಗಳ ಕೈಯಲ್ಲಿ ಇರುವುದೇ ಫೋನು. ವೆಬ್‌ಸೈಟು ಫೋನಿನ ಅಳತೆಗೆ ತಾನೇ ಹೊಂದಿಕೊಳ್ಳಬೇಕು. ಅಳಿಯನಿಗೆ ಹೇಳಿ, ಸರಿಮಾಡಲಿ.”

ಯಜಮಾನರು ಬೆಚ್ಚಿ ಒಳಗೆ ನೋಡಿದರು. ಒಳಗಿನಿಂದ ಅಕ್ಕಾರು ಕೈಯ ಹಿಟ್ಟು ಕೊಡವುತ್ತಾ ಓಡಿ ಬಂದರು.

“ಸರ, ನಿಮ್ಮ ಕಾಲಿಗೆ ಬೀಳ್ತೀನಿ, ಅಳ್ಯಾರಿಗೆ ಒಂದ ಮಾತೂ ಅನಬ್ಯಾಡ್ರಿ! ಪಾಪ, ರಜಾ ಹಾಕಿ ಮಾಡ್ಯಾರ. ಮದುವಿ ಆದಾಗಿನಿಂದ ನಾ ಅವರ ಮುಂದ ನಿಂತು ಒಂದ ಮಾತು ಆಡಿಲ್ಲ. ಈಗ ಹೋಗಿ, ನೀವು ಮಾಡಿದ್ದು ತಪ್ಪೈತಿ ಅಂತ ಹೇಳ್ಲ್ಯಾ?”

“ಹಾಗಾದರೆ ಬಾಗಿಲು ಮುಚ್ಚಿ ಅವರ ಮನೆಗೇ ಹೋಗುತ್ತೀರಾ?”

“ಅದೂ ಆಗೂದಿಲ್ಲ!”

ಅಳಿಯನ ಮುಂದೆ ವೆಬ್‌ಸೈಟಿನ ತಪ್ಪು ಎತ್ತುವುದಿಲ್ಲ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಅದನ್ನು ಅವರಿಬ್ಬರೂ ಚೆನ್ನಾಗಿ ಬಲ್ಲರು, ಅದಕ್ಕೇ ತೆಗೆದುಕೊಂಡದ್ದು.

ಎರಡು ದಿನ ಬಿಟ್ಟು ಹೋದರೆ ಯಜಮಾನರು ತಾವೇ ಉಪಾಯ ಹುಡುಕಿದ್ದರು. ಗಲ್ಲೆಯ ಮೇಲೆ ಬೋರ್ಡು: ‘ನಮ್ಮ ವೆಬ್‌ಸೈಟ್ ನೋಡುವವರು ಫೋನನ್ನು ಅಡ್ಡ ಹಿಡಿಯಿರಿ’.

“ಇದನ್ನು ಓದುವವರು ಆಗಲೇ ಇಲ್ಲಿ ಬಂದು ಕೂತಿರುತ್ತಾರಲ್ಲ! ಅವರಿಗೆ ವೆಬ್‌ಸೈಟು ಯಾಕೆ?” ಅಂದೆ.

“ಅದೆಲ್ಲಾ ಇರ್ಲಿ, ಮೊದಲ ಅಡ್ಡ ಹಿಡದು ನೋಡ್ರಿ ಸರ. ಭಾಳ ಜಾಗಾ ಬರ್ತೈತಿ.”

ಹಿಡಿದೆ. ನಿಜಕ್ಕೂ ಜಾಗ ಹೆಚ್ಚಾಯಿತು. ಸಾಲು ಇನ್ನಷ್ಟು ಕಂಡಿತು. ಈಗ ಅದು ‘ಎನ್ನುವ’ ಎಂಬ ಪದದ ನಡುಮಧ್ಯೆ ಕತ್ತರಿಸಿಹೋಗಿತ್ತು. ನಾನು ಫೋನನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು:

“ನಮ್ಮಲ್ಲಿ... ಊಟ ಇಲ್ಲ... ಎನ್ನು.”

ಒಳಗಿನಿಂದ ಅಕ್ಕಾರು ಕೇಳಿದರು: “ಯಾರಿಗೆ ಅನ್ನಬೇಕ್ರೀ? ಯಾರ್ ಬಂದಾರ?”

ಇನ್ನೂರ ಹದಿನಾರರಲ್ಲಿ ಪರೀಕ್ಷೆ

ಅಳಿಯನಿಗೆ ಹೇಳುವಂತಿಲ್ಲ, ನಿಜ. ಆದರೆ ತಪ್ಪುಗಳನ್ನು ಪೂರ್ತಿ ತಿಳಿದುಕೊಳ್ಳಬಾರದು ಎಂದು ಯಾರೂ ಮಾತು ತೆಗೆದುಕೊಂಡಿರಲಿಲ್ಲ. ನನ್ನ ಪರೀಕ್ಷೆಯ ಕ್ರಮ ಕಟ್ಟುನಿಟ್ಟು. ವೆಬ್‌ಸೈಟನ್ನು ಗಿರಾಕಿ ಎಲ್ಲಿ, ಹೇಗೆ ನೋಡುತ್ತಾನೋ ಅಲ್ಲೇ, ಹಾಗೇ ನೋಡಬೇಕು. ಅಂದರೆ ತುಂಬಿದ ಸಿಟಿ ಬಸ್ಸಿನಲ್ಲಿ, ನಿಂತುಕೊಂಡು, ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಕೈಯ ಹೆಬ್ಬೆರಳು ಫೋನಿಗೆ.

ಮೆಹದಿಪಟ್ಟಣದಲ್ಲಿ ಇನ್ನೂರ ಹದಿನಾರನೇ ನಂಬರಿನ ಬಸ್ ಹತ್ತಿದವನೇ ವೆಬ್‌ಸೈಟು ತೆರೆದೆ. ಆ ಕುಖ್ಯಾತ ಸಾಲಿನ ಕೆಳಗೆ ಅಳಿಯ ಒಂದು ಫೋಟೋ ಹಾಕಿದ್ದ. ಗೋಡೆಗೆ ಅಂಟಿಸುವಷ್ಟು ದೊಡ್ಡ ಫೋಟೋ. ಮೇಲೆ ಅಳಿಯನೇ ನಿಂತಿದ್ದಾನೆ, ಅವನ ಅಕ್ಕಪಕ್ಕ ಅತ್ತೆ ಮಾವ, ಎಲ್ಲರ ಕೆಳಗೆ ಊಟದ ತಟ್ಟೆ. ಅವನ ಮನೆಯ ಪರದೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬಂದ ಫೋಟೋ ಬಸ್ಸಿನಲ್ಲಿ ಮೇಲಿನಿಂದ ಕೆಳಕ್ಕೆ, ಎಳೆ ಎಳೆಯಾಗಿ ಇಳಿಯತೊಡಗಿತು. ಟೋಲಿಚೌಕಿ ಬಂತು, ಅಳಿಯನ ಕೂದಲು ಬಂತು. ಬಸ್ಸು ಮುಂದೆ ಹೋಯಿತು, ಫೋಟೋ ಅಲ್ಲೇ ನಿಂತಿತು. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ, ಪರದೆಯ ತುಂಬ ಬರೀ ಕಪ್ಪು ಕೂದಲು.

ಪಕ್ಕದಲ್ಲಿ ನಿಂತಿದ್ದ ತೆಲುಗಿನ ಹಿರಿಯರೊಬ್ಬರು ಬಹಳ ಹೊತ್ತಿನಿಂದ ಇಣುಕುತ್ತಿದ್ದರು. ಕಡೆಗೆ ತಡೆಯಲಾರದೆ ಕೇಳಿದರು:

“ಏಂಟಿ ಸಾರ್, ಹೇರ್ ಕಟಿಂಗಾ?”

“ಕಾದಂಡಿ, ಅಲ್ಲ,” ಅಂದೆ. “ಊಟದ ಹೋಟೆಲು.”

ಅವರು ಆ ಕೂದಲನ್ನು ಇನ್ನೊಮ್ಮೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೂದಲನ್ನು ನೋಡಿದರು. ತೆಲುಗಿನಲ್ಲಿ ಮೆಲ್ಲಗೆ ಅಂದರು: “ಊಟದಲ್ಲಿ ಕೂದಲು ಸಿಗೋದು ಕಂಡಿದ್ದೀನಿ ಸಾರ್. ಮೊದಲೇ ತೋರಿಸಿ ಕರೆಯೋರನ್ನ ಇವತ್ತೇ ನೋಡಿದ್ದು.”

ಮಡಚಿದರೆ ಮುರಿಯುತ್ತವೆ

ಇಷ್ಟೆಲ್ಲಾ ದಾಟಿ, ಬೆರಳಿಂದ ಎಳೆದಾಡಿ, ವೆಬ್‌ಸೈಟಿನ ಕೆಳತುದಿಗೆ ತಲುಪಿದ ಛಲವಂತರೂ ಇದ್ದರು. ಅವರಿಗಾಗಿ ಅಲ್ಲಿ ಫೋನ್ ನಂಬರು ಇತ್ತು. ಅಳಿಯ ಹೊಸದಾಗಿ ತೆಗೆದುಕೊಟ್ಟ ನಂಬರು, ಕೊನೆಯ ಅಂಕಿ ಎಂಟು. ಫೋನಿನ ಅಂಚಿನಲ್ಲಿ ಆ ಎಂಟರ ಬಲಭಾಗ ಕೊರೆದುಹೋಗಿ, ನೋಡಿದವರಿಗೆ ಅದು ಆರರಂತೆ ಕಾಣುತ್ತಿತ್ತು. ಆರಕ್ಕೆ ಕೊನೆಯಾಗುವ ನಂಬರು ಬೇರೆ ಯಾರದ್ದೋ ಆಗಿತ್ತು.

ಅದು ಯಾರದ್ದೆಂದು ಒಂದು ಮಧ್ಯಾಹ್ನ ತಿಳಿಯಿತು. ನಾನು ಉಣ್ಣುತ್ತಿದ್ದೆ. ಪೂರಾ ಖಾನಾವಳಿಯಲ್ಲಿ ನಾನೊಬ್ಬನೇ. ನಡುವಯಸ್ಸಿನ ಒಬ್ಬರು ಬೆವರು ಒರೆಸಿಕೊಳ್ಳುತ್ತಾ ಒಳಬಂದು ಗಲ್ಲೆಯ ಮುಂದೆ ಕೈಮುಗಿದು ನಿಂತರು. ಪಕ್ಕದ ಕೇರಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟವರಂತೆ. ಅವರು ಆಡಿದ್ದು ದಖನಿ ಉರ್ದುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಸಾಬ್, ಫೋನಿನವರೆಲ್ಲ ಕೇಳೋ ಕನ್ನಡದ ಖಾನಾವಳಿ ಇದೇನಾ? ನನ್ನನ್ನು ಕಾಪಾಡಿ. ದಿನಾ ನನಗೆ ಫೋನು ಬರ್ತಿದೆ. ಮೊದಲನೆಯವರು ಕೇಳಿದರು, ‘ಕಡಕ್ ಇದಾವಾ?’ ಅಂತ. ನಾನು, ಇದಾವೆ, ಗಂಜಿ ಹಾಕಿ ಕಡಕ್ ಮಾಡಿಕೊಡ್ತೀನಿ ಅಂದೆ.”

ಯಜಮಾನರು ನನ್ನ ಮುಖ ನೋಡಿದರು. ಯಜಮಾನರ ಊರ ಕಡೆ ಒಣಗಿಸಿ ಗರಿಗರಿ ಮಾಡಿದ ರೊಟ್ಟಿ ಅಂದರೆ ಕಡಕ್. ಇಸ್ತ್ರಿಯವರ ಕಡೆ ಗಂಜಿ ಹಾಕಿ ಸೆಟೆಸಿದ ಅಂಗಿ ಅಂದರೂ ಕಡಕ್.

“ಆಮ್ಯಾಲ?”

“‘ಇಪ್ಪತ್ತು ಕಡಕ್ ಕಳಿಸಿ’ ಅಂದರು. ಕಳಿಸೋದು ಹೇಗೆ, ನೀವು ತಂದುಕೊಟ್ಟರೆ ತಾನೇ ಅಂದೆ. ‘ನಾವ್ಯಾಕೆ ತರಬೇಕು, ನಿಮ್ಮ ಮನೆಯವರು ತಟ್ಟಿದ್ದನ್ನೇ ಕಳಿಸಿ’ ಅಂದರು. ನನ್ನ ಬೇಗಂ ಯಾಕೆ ಸಾಬ್ ಯಾರದ್ದೋ ಅಂಗಿ ತಟ್ಟಬೇಕು? ಒಬ್ಬರು ಹೆಣ್ಣುಮಗಳು, ‘ನಾಲ್ಕು ಮೆತ್ತಗಿರಲಿ, ನಮ್ಮ ಅಜ್ಜಿಗೆ ಹಲ್ಲಿಲ್ಲ’ ಅಂದರು! ಹಲ್ಲಿಗೂ ಇಸ್ತ್ರಿಗೂ ಏನು ಸಂಬಂಧ ಅಂತ ನಾನು ರಾತ್ರಿಯೆಲ್ಲಾ ಯೋಚಿಸಿದೆ. ಹೋಗಲಿ, ಅದನ್ನೂ ಸಹಿಸಿದೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದವರು ಹೇಳಿದ್ದು ಕೇಳಿ ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಅಲ್ಲೇ ನಿಂತು, ಒಬ್ಬ ವಕೀಲರ ಪ್ಯಾಂಟು ಸುಟ್ಟುಹೋಯಿತು.”

“ಏನಂದ್ರು?”

“‘ಹುಷಾರಾಗಿ ತನ್ನಿ, ಮಡಚಬೇಡಿ, ಮುರೀತಾವೆ’ ಅಂದರು ಸಾಬ್! ಅಪ್ಪನ ಕಾಲದಿಂದ ಇಸ್ತ್ರಿ ಮಾಡ್ತಿದ್ದೀನಿ. ಮಡಚಿದರೆ ಮುರಿಯೋ ಅಂಗಿ ಈ ಶಹರದಲ್ಲಿ ಯಾರು ತೊಡ್ತಾರೆ?”

ಅಕ್ಕಾರು ಒಳಗಿನಿಂದ ಒಂದು ತಟ್ಟೆಯಲ್ಲಿ ಕಡಕ್ ರೊಟ್ಟಿ, ಹಿಂಡಿ, ಗಟ್ಟಿ ಮೊಸರು ಹಾಕಿ ತಂದು ಅವರ ಮುಂದಿಟ್ಟರು. ಆತ ರೊಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಮೆಲ್ಲಗೆ ಮಡಚಿದರು. ಟಪ್ ಎಂದು ಮುರಿಯಿತು. ಅವರ ಮುಖದಲ್ಲಿ ಶಾಂತಿ ಮೂಡಿತು.

“ಯಾ ಅಲ್ಲಾ,” ಅಂದರು. “ಇಷ್ಟೊಂದು ಗಂಜಿ ಯಾಕೆ ಹಾಕಿದಿರಿ?”

ಅತ್ತೆಯ ಒಪ್ಪಿಗೆ

ನಗುವುದಕ್ಕೆ ಇದೆಲ್ಲಾ ಚೆನ್ನ. ಆದರೆ ತವೆ ಮಾತ್ರ ತಣ್ಣಗಾಗುತ್ತಲೇ ಹೋಯಿತು. ಒಂದು ಭಾನುವಾರ ಯಜಮಾನರು ಅಳಿಯನನ್ನು ಖಾನಾವಳಿಗೇ ಊಟಕ್ಕೆ ಕರೆದರು. ಬಾಗಿಲು ಹಾಕುವ ಸುದ್ದಿ ತಿಳಿಸಲು. ನನ್ನನ್ನೂ ಕರೆದರು. ಕರೆಯುವಾಗಲೇ, “ಸರ, ಕೊಟ್ಟ ಮಾತು ನೆನಪೈತಲ್ಲ?” ಅಂದರು.

ಅಳಿಯ ಮಣೆಯ ಮೇಲೆ ಕೂತ. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಅಕ್ಕಾರು ಅಡುಗೆ ಮನೆಯ ಬಾಗಿಲ ಮರೆಯಲ್ಲಿ, ಸೆರಗು ಹಣೆಯವರೆಗೆ. ನಾನು ಎದುರು ಸಾಲಿನಲ್ಲಿ, ನಾಲಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಿಕೊಂಡು.

“ತಿಂಗಳ ಕೊನಿಗೆ ಮುಚ್ಚಬೇಕಂತ ಮಾಡೀವ್ರಿ,” ಅಂದರು ಯಜಮಾನರು.

ಅಳಿಯ ನಿಜವಾಗಿಯೂ ನೊಂದುಕೊಂಡ. ಹುಡುಗ ಒಳ್ಳೆಯವನೇ. “ಛೇ ಛೇ. ಮಂದಿಗೆ ರುಚಿನೇ ಗೊತ್ತಿಲ್ರೀ ಮಾವ. ಇಷ್ಟ ಛಲೋ ವೆಬ್‌ಸೈಟ್ ಇದ್ದೂ ಬರೂದಿಲ್ಲ ಅಂದ್ರ!” ಎಂದು ನನ್ನ ಕಡೆ ತಿರುಗಿದ. “ನೀವು ಹೇಳ್ರಿ ಸರ, ವೆಬ್‌ಸೈಟ್ ಹ್ಯಾಂಗೈತಿ?”

ಸುಳ್ಳು ಹೇಳುವವನಲ್ಲ ನಾನು, ಮಾತಿಗೆ ತಪ್ಪುವವನೂ ಅಲ್ಲ. ಇಡೀ ಹೋಳಿಗೆಯನ್ನು ಒಟ್ಟಿಗೆ ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಅಳಿಯ ಅದನ್ನು ಮೆಚ್ಚುಗೆ ಎಂದುಕೊಂಡ.

“ಚಿಂತಿ ಮಾಡಬ್ಯಾಡ್ರಿ ಮಾವ,” ಅಂದ ಅಳಿಯ. ಎಲ್ಲ ಅಳಿಯಂದಿರೂ ಇಂಥ ಹೊತ್ತಿನಲ್ಲಿ ಅನ್ನುವ ಮಾತನ್ನೇ ಅಂದ: “ನಮ್ಮನಿಗೆ ಬಂದು ಇರ್ರಿ. ನಿಮ್ಮದ ಮನಿ.”

“ಬರ್ತೀವ್ರಿ.”

ಆ ದನಿ ಎಲ್ಲಿಂದ ಬಂತು ಎಂದು ಎಲ್ಲರೂ ತಿರುಗಿದೆವು. ಅಕ್ಕಾರು ಬಾಗಿಲ ಮರೆಯಿಂದ ಈಚೆ ಬಂದು ನಿಂತಿದ್ದರು. ಯಜಮಾನರ ಕೈಯಿಂದ ತುಪ್ಪದ ಗಿಂಡಿ ಜಾರಿತು. ಮದುವೆಯಾದಾಗಿನಿಂದ ಅತ್ತೆಯ ಒಂದು ಮಾತನ್ನೂ ಎದುರಿಗೆ ಕೇಳದ ಅಳಿಯ ಬಾಯಿ ತೆರೆದು ಕೂತ.

“ನಾಳಿಗೇ ಬರ್ತೀವ್ರಿ ಅಳ್ಯಾರ,” ಅಂದರು ಅಕ್ಕಾರು, ಬಹಳ ವಿನಯದಿಂದ. “ನಾ ಕೈ ಕಟಗೊಂಡು ಕುಂದ್ರೂ ಹೆಣ್ಣಮಗಳಲ್ಲ. ಎರಡೂ ತವಾ ತರ್ತೀನಿ, ಬೀಸೂಕಲ್ಲು ತರ್ತೀನಿ. ಕಡಕ್ ರೊಟ್ಟಿ ಒಣಗಸಾಕ ಜಾಗಾ ಬೇಕ್ರಿ. ನಿಮ್ಮ ಆ ದೊಡ್ಡ ಪರದೆ ಐತಲ್ರೀ, ಅದನ್ನ ಕೆಳಗ ಮಲಗಿಸಿದ್ರ ಐವತ್ತು ರೊಟ್ಟಿ ಹಿಡಸ್ತಾವ. ಮುಂಜಾನೆ ನಾಕಕ್ಕ ಎದ್ದು ಬಡ್ಯಾಕ ಸುರು ಮಾಡ್ತೀನಿ. ನಿಮಗ ನಿದ್ದಿ ಕೆಡೂದಿಲ್ಲಲ್ರೀ?”

ಅಳಿಯನ ಹಣೆಯಲ್ಲಿ ಬೆವರು ಹನಿಯಿತು. ಗಿರಾಕಿ ಯಾಕೆ ಬರುತ್ತಿಲ್ಲ ಎಂದು ನೋಡಲು ಅವನು ಎಡಗೈಯಿಂದ ಜೇಬಿನೊಳಗಿನ ಫೋನು ತೆಗೆದ. ತಾನು ಕಟ್ಟಿದ ವೆಬ್‌ಸೈಟನ್ನು ಜೀವಮಾನದಲ್ಲಿ ಮೊದಲ ಸಲ ಫೋನಿನಲ್ಲಿ ತೆರೆದ. ನೋಡಿದ. ಮುಖ ಬಿಳಿಚಿತು.

“ಯಾವ ಕತ್ತಿ ಮಾಡ್ಯಾನ ಇದನ್ನ!” ಎಂದು ಚೀರಿದ.

ಯಜಮಾನರು ಚೆಲ್ಲಿದ ತುಪ್ಪ ನೋಡಿದರು, ನಾನು ಸೂರು ನೋಡಿದೆ.

ಅಳಿಯ ಎಂಜಲ ಕೈ ತೊಳೆದು, ಅಲ್ಲೇ ಬೆಂಚಿನ ಮೇಲೆ ಕೂತು, ಯಾರೋ ಗೆಳೆಯನಿಗೆ ಫೋನ್ ಹಚ್ಚಿ, ಅವನು ಹೇಳಿದಂತೆ ಮಾಡುತ್ತಾ ಹೋದ. ಉದ್ದನೆಯ ಸಾಲನ್ನು ಮೂರು ಸಾಲಾಗಿ ಮುರಿದ. ಫೋಟೋದಲ್ಲಿ ತನ್ನನ್ನು ತೆಗೆದು ತಟ್ಟೆಯನ್ನಷ್ಟೇ ಉಳಿಸಿದ. ನಂಬರನ್ನು ಪರದೆಯ ನಡುವೆ ಕೂರಿಸಿ, ಮುಟ್ಟಿದರೆ ಫೋನು ಹೋಗುವಂತೆ ಮಾಡಿದ. ಎಲ್ಲರ ಫೋನಿನಲ್ಲೂ ತೆರೆದು ತೆರೆದು ನೋಡಿದ. ನನ್ನ ಕಚೇರಿಯಲ್ಲಿ ಇದೇ ಕೆಲಸಕ್ಕೆ ಮೂರು ಸಭೆ ಮಾಡುತ್ತಾರೆ.

ಯಜಮಾನರು ವಿಳಾಸವನ್ನು ಎಲ್ಲರಿಗೂ ಮತ್ತೆ ಕಳಿಸಿದರು. ಸಂಜೆಯ ಹೊತ್ತಿಗೆ ಅವರ ಫೋನು ಹೊಡೆದುಕೊಂಡಿತು. ಸಿಕಂದರಾಬಾದಿನಿಂದ ಮೂವತ್ತು ರೊಟ್ಟಿ. ಅದನ್ನು ಇಡುವುದರೊಳಗೆ ಇನ್ನೊಂದು. ಅಕ್ಕಾರು ಸೆರಗು ಸೊಂಟಕ್ಕೆ ಸಿಕ್ಕಿಸಿ ತವೆ ಏರಿಸಿದರು. ರೊಟ್ಟಿ ಬಡಿಯುವ ಸದ್ದು ಗಲ್ಲಿಯ ಕೊನೆಯವರೆಗೂ ಕೇಳಿತು.

ಹೊರಡುವ ಮುನ್ನ ಅಳಿಯ ಅಡುಗೆ ಮನೆಯ ಬಾಗಿಲಲ್ಲಿ ತಡವರಿಸುತ್ತಾ ನಿಂತ. “ಅತ್ತಿ, ಇನ್ನ ನೀವು... ನಾಳೆ... ಬರೂದು ಬ್ಯಾಡಾತಲ್ರೀ?”

ಅಕ್ಕಾರು ಆಗಲೇ ಬಾಗಿಲ ಮರೆಗೆ ಸರಿದಿದ್ದರು. ಒಳಗಿನಿಂದ ದನಿ ಮಾತ್ರ ಬಂತು:

“ಸದ್ಯಕ್ಕ ಬ್ಯಾಡ್ರಿ. ಆದ್ರ ಸಾಮಾನಿನ ಗಂಟು ಕಟ್ಟಿಟ್ಟೀನಿ, ಅದನ್ನೇನ ಬಿಚ್ಚೂದಿಲ್ಲ. ವೆಬ್‌ಸೈಟ್ ನೋಡ್ರಿ, ಯಾವಾಗ ಕೆಡ್ತೈತೋ ಏನೋ.”